ಸಂಜೆಗೆ ಸಾಯುವ ಯಂತ್ರ

ಸುನಿತಾ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಹಾಲಿನ ಡೇರಿಯ ಪುಟ್ಟಸ್ವಾಮಿ ಜಗಲಿಯಿಂದಲೇ ಕೂಗಿದ.

“ಸುನಿತವ್ವಾ, ನಿನ್ ಮಿಸನ್ನು ನೆನ್ನೆ ಸಂಜೆನೂ ಮಕಾಡೆ ಮಲೀಕತ್ತು! ಇವತ್ತು ಕಂಪ್ನಿಯವ್ರು ಬತ್ತಾವ್ರೆ. ಏಳ್ನಿಲ್ಲ ಅಂದ್ರೆ ಎತ್ಕೊಂಡೋಯ್ತಾರಂತೆ.”

ರೊಟ್ಟಿ ಹೆಂಚಿನ ಮೇಲೇ ಉಳಿಯಿತು. ಶೀಳನೆರೆ ಹೋಬಳಿಯ ಆ ಪುಟ್ಟ ಊರಿನ ಡೇರಿಗೆ ಹಾಲು ಪರೀಕ್ಷಿಸುವ ಯಂತ್ರ ಬಂದು ತಿಂಗಳಾಗಿತ್ತು. ಅದನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಬರೆದವಳು ಸುನಿತಾ, ಇದೇ ಅಡುಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಯಂತ್ರ ಬೆಳಗ್ಗೆ ಕುಣಿಯುತ್ತಿತ್ತು, ಸಂಜೆಗೆ ಬ್ಯಾಟರಿ ಬರಿದಾಗಿ ಸಾಯುತ್ತಿತ್ತು; ಸಂಜೆಯ ಹಾಲನ್ನು ಪರೀಕ್ಷೆಯಿಲ್ಲದೆ ಹಾಗೆಯೇ ಸುರಿದುಕೊಳ್ಳಬೇಕಾಗುತ್ತಿತ್ತು. ಅದು ವಾಪಸಾದರೆ ಕಂಪನಿ ಅವಳಿಗೆ ಇನ್ನೊಂದು ಕೆಲಸ ಕೊಡುವುದು ಸುಳ್ಳು.

“ನಾ ಬರ್ದಿರೋದ್ರಲ್ಲಿ ತಪ್ಪಿಲ್ಲ! ಸಂಜೆ ಎಬ್ಬುಸ್ದೆ ಇದ್ರೆ ಕೇಳಿ.”

“ಹೋದ್ರೋಯ್ತದೆ ಬುಡವ್ವ,” ಎಂದಳು ಅತ್ತೆ ಬೈರಮ್ಮ, ಎಂದೂ ಇಲ್ಲದ ಅಕ್ಕರೆಯಿಂದ. “ಯಾಕಿಂಗೆ ಸೊರಗೀಯೆ? ಬಾ, ಅವರೆಕಾಯಿ ಸುಲಿಯಾವ.”

ಸುನಿತಾ ಲ್ಯಾಪ್‌ಟಾಪ್ ತೆರೆದಳು. ಪಕ್ಕದ ಮನೆಯ ಕುಳ್ಳಮ್ಮ ಬಂದು, “ಅದ್ನ ನೋಡಿ ನೋಡಿ ಕಣ್ಣು ಗುಳಿ ಬಿದ್ದೋಗವೆ, ಮುಚ್ಚು” ಎಂದಳು. ಆಕೆಯ ಹಿಂದೆಯೇ ಎದುರುಮನೆಯ ಮಾಯಮ್ಮ.

“ನಮ್ಮೆಮ್ಮೆ ಯಾಕೋ ಒಂಥರಾ ನೋಡ್ತದೆ. ವಸಿ ಬಂದು ನೋಡವ್ವ.”

“ಎಮ್ಮೆಗೆ ನಾನು ಡ್ರೈವರ್ ಬರ್ದಿಲ್ಲ ಕಣಕ್ಕ!”

ತನ್ನಿಂದ ಆಗುವುದಿಲ್ಲವೆಂದು ಇಡೀ ಬೀದಿಯೇ ತೀರ್ಮಾನಿಸಿದೆ ಎನ್ನಿಸಿ ಸುನಿತಾಳ ಹಟ ಸಾರಿನಂತೆ ಉಕ್ಕಿತು. ಸೆರಗು ಸಿಕ್ಕಿಸಿ, ಬರೆದದ್ದನ್ನು ಸಾಲುಸಾಲಾಗಿ ಓದಿದಳು. ಹನ್ನೊಂದರ ಹೊತ್ತಿಗೆ ಸಿಕ್ಕಿತು.

ಗುಂಡಿ ಒತ್ತಿದೊಡನೆ ಡ್ರೈವರ್ ಮೊದಲು ಕರೆಂಟು ಕೊಡುತ್ತದೆ, ಆಮೇಲೆ ಒಳಗಿನ ಗಡಿಯಾರ ಶುರುಮಾಡುತ್ತದೆ. ಗಂಟೆ ತೋರಿಸುವ ಗಡಿಯಾರವಲ್ಲ. ಯಂತ್ರದ ಭಾಗಗಳಿಗೆಲ್ಲ ತಾಳ ಹಾಕುವಂಥದ್ದು. ಆನಂತರ ಹಾಲು ಅಳೆಯುವ ಕೊಳವೆಯನ್ನು ಹುಡುಕುತ್ತದೆ. ಆ ಕೊಳವೆಯನ್ನು ಪುಟ್ಟಸ್ವಾಮಿ ಬೆಳಗ್ಗೆ ತೊಳೆದು ಸಂಜೆತನಕ ಬಿಸಿಲಿಗಿಡುತ್ತಾನೆ. ನಡುವೆ ಯಾರಾದರೂ ಗುಂಡಿ ಒತ್ತಿದರೆ, ಕೊಳವೆ ಕಾಣದ ಡ್ರೈವರ್ ‘ಆಗಲ್ಲ’ ಎಂದು ಹೊರಟುಬಿಡುತ್ತದೆ, ಬ್ಯಾಟರಿ ಹೀರುವ ಗಡಿಯಾರವನ್ನು ನಿಲ್ಲಿಸದೆ! ಮದುವೆ ಮುರಿದು ಬೀಗರೆಲ್ಲ ಬಸ್ಸು ಹತ್ತಿದರೂ ವಾಲಗದವರಿಗೆ ಯಾರೂ ಹೇಳದೆ, ಅವರು ಖಾಲಿ ಛತ್ರದಲ್ಲಿ ಸಂಜೆತನಕ ಬಾರಿಸುತ್ತಲೇ ಕೂತ ಹಾಗೆ.

ತಪ್ಪು ತನ್ನದೇ. ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಸುನಿತಾ ಅಲ್ಲೇ ನಿರ್ಧರಿಸಿದಳು. ಡ್ರೈವರ್ ಸೋತು ಹಿಂದಿರುಗುವಾಗ, ತೆರೆದದ್ದನ್ನೆಲ್ಲ ತಿರುಗುಮುರುಗಾಗಿ ಮುಚ್ಚುವಂತೆ ಬರೆದಳು: ಮೊದಲು ಗಡಿಯಾರ ನಿಲ್ಲಲಿ, ಆಮೇಲೆ ಕರೆಂಟು. ಡೇರಿಗೆ ಹೋಗಿ ಹೊಸ ಡ್ರೈವರ್ ಹಾಕಿ, ಬ್ಯಾಟರಿ ತುಂಬಿಸಿ ಬಂದಳು.

ಸಂಜೆ ಡೇರಿಯ ಮುಂದೆ ಕ್ಯಾನುಗಳ ಸಾಲು. ಶ್ರೀರಂಗಪಟ್ಟಣದಿಂದ ಬಂದಿದ್ದ ಕಂಪನಿಯ ದಿಲೀಪ್ ಗುಂಡಿ ಒತ್ತಿದ. ಯಂತ್ರ ಜೀವಂತ! ಸುನಿತಾ ಸೊಂಟದ ಮೇಲೆ ಕೈಯಿಟ್ಟು ಬೀದಿಯವರನ್ನೆಲ್ಲ ಒಮ್ಮೆ ನೋಡಿದಳು. ಯಾರೂ ನಗಲಿಲ್ಲ.

ಮೊದಲು ಮಾಯಮ್ಮನ ಹಾಲು. ಯಂತ್ರ ‘ನೀರು’ ಎಂದಿತು. ಕುಳ್ಳಮ್ಮನದು. ನೀರು. ಬೈರಮ್ಮನ ಹಾಲಿಗಂತೂ ಯಂತ್ರ ಕಿರುಚಿಕೊಂಡಿತು.

“ಕೆಡುಸ್ಬುಟ್ಲು!” ಮಾಯಮ್ಮ ಕೂಗಿದಳು. “ಬೆಳಗ್ಗೆ ಗಟ್ಟಿ ಅಂತಿದ್ದ ಮಿಸನ್ನು ಈಗ ಅದೇ ಎಮ್ಮೆ ಹಾಲ್ನ ನೀರು ಅಂತದೆ!”

“ನಾನು ಅಳತೆ ಮುಟ್ಟೇ ಇಲ್ಲ!” ಸುನಿತಾಳೂ ದನಿಯೇರಿಸಿದಳು. “ಆಣೆ ಮಾಡ್ಲಾ?”

ದಿಲೀಪ್ ತಲೆ ಕೆರೆದ. “ಮೇಡಂ, ಬೆಳಗ್ಗೆ ಒಂದು, ಸಂಜೆ ಒಂದು ಅಂದ್ರೆ ನಿಮ್ ಡ್ರೈವರ್ರೇ ಕೆಟ್ಟಿದೆ ಅಂತ ತಾನೆ? ಎಷ್ಟೋ ದಿನದಿಂದ ನಾಗಮಂಗಲದವ್ರೂ ಈ ಮೆಷಿನ್ ಕೇಳ್ತಾವ್ರೆ.” ವೈರು ಸುತ್ತತೊಡಗಿದ.

“ನಾ ಆಗ್ಲೇ ಯೋಳ್ನಿಲ್ವಾ, ಬುಡವ್ವ ಅಂತ,” ಬೈರಮ್ಮ ಸಮಾಧಾನದಿಂದ ಕ್ಯಾನು ಎತ್ತಿಕೊಂಡಳು.

ಆಗಿನಿಂದ ಬೈರಮ್ಮನ ಸೆರಗು ಜಗ್ಗುತ್ತಿದ್ದ ಒಂದನೇ ಕ್ಲಾಸಿನ ಮೊಮ್ಮಗಳು ಅರ್ಪಿತ, ಅಜ್ಜಿ ತಿರುಗಿ ನೋಡದ್ದಕ್ಕೆ ರೋಸಿ, ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟಳು:

“ಅಜ್ಜೀ, ದಿನಾ ಒತ್ತಂಗೆ ಇವತ್ತೂ ಮದ್ಯಾನ ಬಂದು ಗುಂಡಿ ಒತ್ತಿದ್ವಲ್ಲಾ, ಮಿಸನ್ನು ಯಾಕೆ ಸಾಯ್ನಿಲ್ಲ?”