ನನಗೆ ‘ಕ್ಯಾನ್ಸಲ್’ ಆದದ್ದು

ರೋಗಿಯ ಕೋಣೆಯಲ್ಲಿ ನಗಬಾರದು ಅಂತಾರೆ. ನಾನೇನೋ ಗಂಭೀರವಾಗೇ ಮಲಗಿರುತ್ತೇನೆ, ಆದರೆ ನಮ್ಮ ಮನೆಯವರು ಬಿಡಬೇಕಲ್ಲ! ನನಗೀಗ ಇಪ್ಪತ್ತಾರು. ಹುಟ್ಟಿದ್ದು ಧಾರವಾಡದಲ್ಲಿ, ಮದುವೆಯಾಗಿ ಬಂದದ್ದು ಪುಣೆಗೆ. ನಮ್ಮವರದು ಪೇಟೆಯಲ್ಲಿ ಅರಿವೆ ಅಂಗಡಿ. ನಾನು ಹುಡುಗಿಯರ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆಯಲ್ಲಿ ನಾವಿಬ್ಬರು, ಅತ್ತೆಯವರು. ಹೋದ ವರ್ಷ ನನ್ನ ಎದೆಯಲ್ಲಿ ಗಂಟು ಕಾಣಿಸಿತು. ಅಂದಿನಿಂದ, ಎಲ್ಲರೂ ಕೂತು ಅಳಬೇಕು ಅನ್ನುವ ಹೊತ್ತಿಗೇ ಏನಾದರೊಂದು ಆಗುತ್ತಲೇ ಇದೆ.

೧. ಸಾಸಿವೆ

ಮುಂಬಯಿಗೆ ಹೋಗಿ ಎಡಗಡೆಯ ಎದೆ ತೆಗೆಸಿಕೊಂಡು ಬಂದೆ. ಗಾಯ ಮಾಯ್ದ ಮೇಲೆ ಮತ್ತೆ ಸಾಲೆಗೆ ಹೋಗುವ ಆಸೆ. ಆದರೆ ಕುಪ್ಪಸ ಒಂದು ಕಡೆ ಜೋತು ಬೀಳುತ್ತಿತ್ತು. ಸೆರಗನ್ನು ಹೀಗೆ ಹೊದ್ದು, ಹಾಗೆ ಹೊದ್ದು, ಕಡೆಗೆ ಕನ್ನಡಿಯ ಮುಂದೇ ಕೂತು ಅತ್ತುಬಿಟ್ಟೆ.

ಅತ್ತೆಯವರು ಸಮಾಧಾನ ಹೇಳಲಿಲ್ಲ. ಹಳೆಯ ಸೀರೆಯ ಮೆತ್ತನೆ ತುಂಡಿನಲ್ಲಿ ಒಂದು ಚೀಲ ಹೊಲಿದು, ಅದರ ತುಂಬ ಸಾಸಿವೆ ಹಾಕಿ ಕೈಗಿಟ್ಟರು. “ಹತ್ತಿ ಹಗುರಾಗ್ತದ. ತೂಕ ಇರಬೇಕವಾ, ಇಲ್ಲಾಂದ್ರ ಹೆಗಲು ಒಂದ ಕಡಿ ವಾಲ್ತದ.”

ಒಂದು ದಿನ ಹಲಗೆಯ ಮೇಲೆ ಬರೆಯಲು ಕೈ ಎತ್ತಿದೆ, ಹೊಲಿಗೆ ಬಿಚ್ಚಿತು. ಸಾಸಿವೆ ಸೀರೆಯೊಳಗಿಂದ ಸರಸರನೆ ಇಳಿದು ನೆಲದ ತುಂಬ ಉರುಳಿತು. ಮುಂದಿನ ಸಾಲಿನ ಹುಡುಗಿ ಒಂದು ಕಾಳು ಆರಿಸಿ ಹಿಡಿದು, “ಬಾಯಿ, ಮೋಹರಿ!” ಎಂದಳು. ಮರಾಠಿಯಲ್ಲಿ ಸಾಲೆಯ ಟೀಚರಿಗೆ ಬಾಯಿ, ಸಾಸಿವೆಗೆ ಮೋಹರಿ. ಇಡೀ ವರ್ಗ ನನ್ನನ್ನೇ ನೋಡುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು.

“ಹೌದು, ಇಂಗ್ಲಿಷಿನಲ್ಲಿ ಮಸ್ಟರ್ಡ್. ಎಲ್ಲರೂ ಒಂದೊಂದು ಕಾಳು ಹಿಡಿದುಕೊಂಡು ಸ್ಪೆಲಿಂಗ್ ಬರೆಯಿರಿ” ಎಂದೆ.

ಆ ವರ್ಷ ನಮ್ಮ ಹುಡುಗಿಯರು ಪರೀಕ್ಷೆಯಲ್ಲಿ ತಮ್ಮ ಹೆಸರಿನ ಸ್ಪೆಲಿಂಗ್ ಕೂಡ ತಪ್ಪಿದರು, ಮಸ್ಟರ್ಡ್ ಒಂದನ್ನು ತಪ್ಪಲಿಲ್ಲ.

೨. ವ್ಯಾಕರಣ

ಗಂಟು ಮತ್ತೆ ಬಂತು, ಈ ಸಲ ಕಂಕುಳಲ್ಲಿ. ಪುಣೆಯ ಡಾಕ್ಟರು ನಮ್ಮ ಜೊತೆ ಯಾವಾಗಲೂ ಮರಾಠಿಯಲ್ಲೇ ಮಾತಾಡುವವರು. ಅಂದು ಕೈ ತೊಳೆದುಕೊಂಡು ಬಂದು, ನನ್ನ ಕಡೆ ನೋಡದೆ, ನಮ್ಮವರ ಜೊತೆ ಇಂಗ್ಲಿಷ್ ಶುರು ಮಾಡಿದರು. ಹೆಂಗಸಿಗೆ ತಿಳಿಯಬಾರದು ಎಂದು. ನಾನು ಏನು ಕಲಿಸುತ್ತೇನೆಂದು ಅವರಿಗೆ ಯಾರು ಹೇಳಿದ್ದರು!

ರೋಗ ಒಳಗೆಲ್ಲ ಹಬ್ಬಿದೆ, ಇನ್ನು ಕೊಯ್ದು ಉಪಯೋಗವಿಲ್ಲ ಎಂದರು. ನಮ್ಮವರ ಮುಖ ಬಿಳಿಚಿತು. ನನಗೆ ಎಲ್ಲವೂ ತಿಳಿಯುತ್ತಿದೆ ಅನ್ನುವುದನ್ನೇ ಆ ಗಾಬರಿಯಲ್ಲಿ ಮರೆತು, ತಮ್ಮ ಅಂಗಡಿಯ ಇಂಗ್ಲಿಷಿನಲ್ಲಿ ಕೇಳಿದರು: “ಹೌ ಮಚ್ ಮಂತ್ಸ್, ಡಾಕ್ಟರ್?”

ನನ್ನ ಬಾಯಿ ತಡೆಯಲಿಲ್ಲ. “ಮಂತ್ಸ್‌ಗೆ ಮಚ್ ಅಲ್ರೀ, ಮೆನಿ” ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ಡಾಕ್ಟರು ಕನ್ನಡಕ ತೆಗೆದು, ಮೊದಲ ಸಲ ನನಗೇ ಹೇಳಿದರು: “ನಾಟ್ ಮೆನಿ.”

ವ್ಯಾಕರಣ ಸರಿಯಾಗಿತ್ತು.

೩. ಸಕ್ಕರೆ

ಅತ್ತೆಯವರ ನಾಲಗೆಗೆ ಕ್ಯಾನ್ಸರ್ ಅನ್ನುವ ರೋಗದ ಹೆಸರು ಹೊರಳಲಿಲ್ಲ. ಯುದ್ಧದ ಕಾಲ, ದಿನಾ ಒಂದಿಲ್ಲೊಂದು ರೈಲು ಕ್ಯಾನ್ಸಲ್ ಆಗುತ್ತಿತ್ತು, ಅವರಿಗೆ ಗೊತ್ತಿದ್ದದ್ದು ಆ ಶಬ್ದ. ನಳದ ಹತ್ತಿರ ನೆರೆಮನೆಯಾಕೆ ಸಿಕ್ಕಾಗ ಕಣ್ಣೊರೆಸಿಕೊಳ್ಳುತ್ತ ತಮ್ಮ ಮರಾಠಿಯಲ್ಲಿ, “ಸೊಸೆಗೆ ಕ್ಯಾನ್ಸಲ್ ಆಗಿದೆ” ಎಂದರು.

ನಾನು ತವರಿಗೆ ಹೊರಟಿದ್ದೆನೆಂದು ಆಕೆ ತಿಳಿದಳು. “ಹೋಗೋದು ಕ್ಯಾನ್ಸಲ್ ಆಯಿತೆ? ಒಳ್ಳೆಯದೇ ಆಯಿತಲ್ಲ! ಇಲ್ಲೇ ನಿಮ್ಮ ಕಣ್ಣ ಮುಂದೆ ಇರುತ್ತಾಳೆ, ಅದಕ್ಕೇಕೆ ಅಳುತ್ತೀರಿ?”

ಅತ್ತೆಯವರು ಕೊಡ ಅಲ್ಲೇ ಬಿಟ್ಟು ಒಳಗೆ ಬಂದರು. ಈ ಮಾತನ್ನು ನನಗೆ ಎರಡೆರಡು ಸಲ ಹೇಳಿ, “ಅಕಿ ಬಾಯಾಗ ಸಕ್ಕರಿ ಬೀಳಲಿ” ಎಂದರು. ಎಂದು ಸುಮ್ಮನಾಗಲಿಲ್ಲ. ರೇಶನ್ನಿನ ಆ ದಿನಗಳಲ್ಲಿ ದೀಪಾವಳಿಗೆಂದು ಮುಚ್ಚಿಟ್ಟಿದ್ದ ಸಕ್ಕರೆಯನ್ನು ಬಟ್ಟಲು ತುಂಬ ಒಯ್ದು ಕೊಟ್ಟೇ ಬಂದರು.

ಯಾತಕ್ಕೆ ಕೊಟ್ಟರೆಂದು ಆ ನೆರೆಯಾಕೆ ಇನ್ನೂ ವಿಚಾರ ಮಾಡುತ್ತಿದ್ದಾಳೆ.

೪. ಅಳಲು ಬಂದವರು

ಸುದ್ದಿ ಪುಣೆಯಿಂದ ಹುಬ್ಬಳ್ಳಿಗೆ ಮುಟ್ಟುವುದರೊಳಗೆ ನಾನು ಸತ್ತಿದ್ದೆ. ಒಂದು ಮಧ್ಯಾಹ್ನ ಹುಬ್ಬಳ್ಳಿಯಲ್ಲಿರುವ ನಮ್ಮವರ ದೊಡ್ಡವ್ವ ಟಾಂಗಾದಿಂದ ಇಳಿದವರೇ ನಾವು ಬಾಡಿಗೆಗಿರುವ ವಾಡೆಯ ಅಂಗಳದಲ್ಲಿ ಕೂತು ಹಾಡಿಕೊಂಡು ಅಳತೊಡಗಿದರು. ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಿದ್ದ ನಮ್ಮ ಅತ್ತೆಯವರು, ಹುಬ್ಬಳ್ಳಿಯಲ್ಲಿ ಯಾರೋ ಹೋದರೆಂದು ತಿಳಿದು, ಅವರನ್ನು ತಬ್ಬಿಕೊಂಡು ಇನ್ನೂ ಜೋರಾಗಿ ಅಳತೊಡಗಿದರು.

ನಾನು ಗೋಡೆ ಹಿಡಿದು ಬಾಗಿಲ ತನಕ ಬಂದೆ. ಯಾರು ಸತ್ತರೆಂದು ನನಗೂ ಗಾಬರಿ.

“ಎಂಥಾ ಚಂದದ ಹುಡುಗಿ ಇದ್ದಳವ್ವಾ!” ಅಂತ ದೊಡ್ಡವ್ವ.

“ಹೌದವ್ವಾ!” ಅಂತ ಅತ್ತೆ.

“ಎದುರು ಒಂದ ಮಾತ ಆಡಿದಾಕಿ ಅಲ್ಲವ್ವಾ!”

“ಅಲ್ಲವ್ವಾ!”

“ಅಕಿ ಕೈಯಾಗಿನ ಸಾರು ಇನ್ನ ಯಾರು ಮಾಡ್ತಾರವ್ವಾ, ನಿನ್ನ ಸೊಸಿ ಕೈಯಾಗಿನ ಸಾರು!”

ಅತ್ತೆಯವರ ಅಳು ಥಟ್ಟನೆ ನಿಂತಿತು. ತಿರುಗಿ ನೋಡಿದರು. ಬಾಗಿಲಲ್ಲಿ ನಾನು. ಏನು ಮಾಡಬೇಕೋ ತಿಳಿಯದೆ ಕೈ ಮುಗಿದು, “ಬರ್ರಿ ದೊಡ್ಡವ್ವ, ಒಳಗ ಬರ್ರಿ” ಎಂದೆ. ದೊಡ್ಡವ್ವ ಬಾಯಿಗೆ ಸೆರಗು ತುರುಕಿಕೊಂಡರು.

ಅತ್ತೆಯವರು ಎದ್ದು ನಿಂತರು.

“ಅಕಿ ಸಾರಿಂದೇನು ಹೇಳ್ತೀರಿ! ಉಪ್ಪಿನ ಹದಾನ ಇನ್ನೂ ಗೊತ್ತಿಲ್ಲ ಅಕಿಗೆ. ನಾ ಕಲಸೂದು ಇನ್ನೂ ಭಾಳ ಅದ. ಅದು ಬರೂತನಕ ಅಕಿನ್ನ ಎಲ್ಲಿಗೂ ಕಳಸೂದಿಲ್ಲ ನಾ!”

ಈಗಲೂ ಏಳಲು ಆದ ದಿನ ಒಲೆಯ ಮುಂದೆ ಕೂತು ನಾನೇ ಸಾರು ಮಾಡುತ್ತೇನೆ. ಉಪ್ಪಿನ ಹದ ಮಾತ್ರ ಬೇಕೆಂದೇ ತಪ್ಪಿಸುತ್ತೇನೆ.