ಎದುರು ಮನೆಯ ಪರದೇಶ

ವಾದಿರಾಜ ಪರದೇಶಕ್ಕೆ ಹೊರಟ ದಿನ ನಡೆದ ಎಲ್ಲ ಅವಾಂತರಕ್ಕೂ ಕಾರಣ ಇಷ್ಟೇ: ಕಾರು ಬರುವುದು ಸಂಜೆಗೆ, ಒಳ್ಳೆಯ ಮುಹೂರ್ತ ಇದ್ದದ್ದು ಬೆಳಿಗ್ಗೆ.

ಅವನ ತಂದೆ ಶ್ರೀಪತಿರಾಯರು ಹೊಸಪೇಟೆಯಲ್ಲಿ ನೀರಾವರಿ ಎಂಜಿನಿಯರು. ಕಾಲುವೆಗೆ ನೀರನ್ನು ಸರ್ಕಾರದ ಆದೇಶದಂತೆ ಬಿಡುತ್ತಿದ್ದರು, ಮಗನನ್ನು ಮನೆಯಿಂದಾಚೆ ಪಂಚಾಂಗದ ಆದೇಶದಂತೆ ಬಿಡುತ್ತಿದ್ದರು. ಹೊರಡುವ ವೇಳೆಗೂ ಮುಹೂರ್ತಕ್ಕೂ ಹೊಂದಿಕೆಯಾಗದಿದ್ದರೆ ಹಿರಿಯರು ಹುಡುಕಿಟ್ಟ ಉಪಾಯ ಒಂದಿದೆ. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಅಲ್ಲಿಂದ ಯಾವಾಗ ಬೇಕಾದರೂ ಮುಂದಕ್ಕೆ ಹೋಗಬಹುದು. ಹಿಂದಕ್ಕೆ, ಅಂದರೆ ಮನೆಗೆ, ಮಾತ್ರ ಬರುವಂತಿಲ್ಲ.

"ಸೂಟ್‌ಕೇಸ್ ಇಟ್ಟು ಬಂದ್ರ ಸಾಕಲ್ಲಪ್ಪ?" ಎಂದ ವಾದಿರಾಜ.

"ಡಿಗ್ರಿ ಬರಬೇಕಾದ್ದು ಸೂಟ್‌ಕೇಸಿಗೇನು? ನೀನೂ ನಡಿ," ಎಂದರು ರಾಯರು.

ವಾದಿರಾಜ ಎದುರಾಡಲಿಲ್ಲ. ಎರಡು ವರ್ಷ ಎಲ್ಲೆಲ್ಲೋ ಅರ್ಜಿ ಹಾಕಿ, ಎಲ್ಲರಿಂದಲೂ ಇಲ್ಲ ಅನ್ನಿಸಿಕೊಂಡ ಮೇಲೆ ಇಟಲಿಯ ಒಂದು ಪುರಾತನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಓದಬೇಕಾದದ್ದು ಹಳೆಯ ಊರುಗಳ ಕಲ್ಲು ಕಟ್ಟಡಗಳ ಬಗ್ಗೆ. ಹಂಪಿಯ ಮಗ್ಗುಲಲ್ಲೇ ಹುಟ್ಟಿ, ಕಲ್ಲು ನೋಡಲು ಸಮುದ್ರ ದಾಟುವ ಜಾಣ ತಾನೊಬ್ಬನೇ ಇರಬೇಕು ಎಂದು ಅವನಿಗೇ ನಗು ಬರುತ್ತಿತ್ತು. ಹಂಪಿಗೆ ಅವನು ಹೋಗುತ್ತಿದ್ದದ್ದು ನೆಂಟರು ಬಂದಾಗ ಮಾತ್ರ, ಅದೂ ಅವರ ಚಪ್ಪಲಿ ಕಾಯಲಿಕ್ಕೆ. ಅರ್ಜಿಯಲ್ಲಿ ಮಾತ್ರ 'ಬಾಲ್ಯದಿಂದಲೂ ನಾನು ಕಲ್ಲುಗಳ ಜೊತೆ ಮಾತನಾಡುತ್ತಿದ್ದೇನೆ' ಎಂದು ಬರೆದಿದ್ದ. ಶುಕ್ರವಾರದ ಪ್ರವೇಶ ಸಮಾರಂಭಕ್ಕೆ ಮುಖ ತೋರಿಸದಿದ್ದರೆ ಈ ಸೀಟೂ ಕೈ ಬಿಟ್ಟುಹೋಗುತ್ತಿತ್ತು. ಆ ಭಯಕ್ಕೆ ಅವನಿಗೆ ವಾರದಿಂದ ಊಟ ಸೇರಿರಲಿಲ್ಲ.

ಬುಧವಾರ ಬೆಳಿಗ್ಗೆ ಓಣಿಗೆ ಓಣಿಯೇ ಬೀಳ್ಕೊಡಲು ನೆರೆಯಿತು. ತಾಯಿ ಶುಭಾ ಮೊಸರು ಸಕ್ಕರೆ ಕೊಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಯಾರೋ ಹಾರ ಹಾಕಿದರು. "ಮುಟ್ಟಿದ ಕೂಡ್ಲೇ ಫೋನ್ ಮಾಡಪಾ," ಎಂದರು ತಾಯಿ. ವಾದಿರಾಜ ಸೂಟ್‌ಕೇಸ್ ಎಳೆದುಕೊಂಡು ರಸ್ತೆ ದಾಟಿ, ಎದುರು ಮನೆ ರಾಧಾಬಾಯಿಯವರ ಕಟ್ಟೆ ಏರಿ, ಅಲ್ಲಿಂದಲೇ ಫೋನ್ ಮಾಡಿದ.

"ಅಮ್ಮ, ಮುಟ್ಟಿದೆ."

"ಗೊತ್ತಾತು. ಒಳಗ ಹೋಗು, ಬಿಸಲದ."

ರಾಧಾಬಾಯಿ ಎಪ್ಪತ್ತು ದಾಟಿದ ಒಂಟಿ ಮುದುಕಿ. ಶಾಸ್ತ್ರದಲ್ಲಿ ಇದ್ದದ್ದು ಅವರಿಗೆ ಗೊತ್ತಿತ್ತು, ಇಲ್ಲದ್ದು ಇನ್ನೂ ಚೆನ್ನಾಗಿ ಗೊತ್ತಿತ್ತು. "ಪ್ರಯಾಣ ಸುಖ ಆತೇನೋ?" ಎಂದು ಕೇಳಿ ಕಾಲಿಗೆ ನೀರು ಕೊಟ್ಟರು. ಆಮೇಲೆ ಸೂಟ್‌ಕೇಸ್ ಬಿಚ್ಚಿಸಿ ಉಣ್ಣೆಯ ಕೋಟನ್ನು ಹೊರಗೆಳೆದರು.

"ಅಲ್ಲೆ ಥಂಡಿ ಭಾಳಂತ. ಈಗಿಂದ್ಲೇ ಹಾಕ್ಕೊಂಡು ರೂಢಿ ಮಾಡ್ಕೋ."

"ಅಜ್ಜಿ, ಇಲ್ಲೆ ಬೆಂಕಿ ಬಿದ್ದಂಗ ಸೆಕಿ ಅದ!"

"ಅದಕ್ಕ ಹೇಳೋದು. ಸೆಕಿಯೊಳಗ ತಡಕೊಂಡವ ಥಂಡಿಯೊಳಗೂ ತಡಕೋತಾನ."

ವಾದಿರಾಜ ಕೋಟು ತೊಟ್ಟು, ಪಾತ್ರೆಯೊಳಗಿನ ಇಡ್ಲಿಯ ಹಾಗೆ ಬೇಯುತ್ತ ಕೂತ.

ಮಧ್ಯಾಹ್ನ ರಾಯರು, ಶುಭಾ ಮಗನ ಹೆಸರಲ್ಲಿ ಹನುಮಪ್ಪನಿಗೆ ಪೂಜೆ ಮಾಡಿಸಲು ಮನೆಗೆ ಬೀಗ ಹಾಕಿಕೊಂಡು ಹಂಪಿಗೆ ಹೋದರು. ಅವರು ಅತ್ತ ಹೋದ ಮೇಲೆ ವಾದಿರಾಜ ಕಾಗದಪತ್ರ ತೆಗೆದು ನೋಡಿದ. ವಿಮಾನದ ಟಿಕೆಟ್ಟು ಇತ್ತು, ಸೀಟು ಸಿಕ್ಕ ಪತ್ರ ಇತ್ತು. ಪಾಸ್‌ಪೋರ್ಟು ಇರಲಿಲ್ಲ. ಬೆಳಿಗ್ಗೆ ರಾಯರು ಅದಕ್ಕೆ ಕುಂಕುಮ ಹಚ್ಚಿ ದೇವರಮನೆಯಲ್ಲಿ ದೇವರ ಮುಂದೆ ಇಟ್ಟದ್ದು ನೆನಪಾಯಿತು. ಅಲ್ಲಿಂದ ಯಾರೂ ತೆಗೆದಿರಲಿಲ್ಲ.

ಅವನು ತಂದೆಗೆ ಫೋನ್ ಮಾಡಿದ. ಬೀಗ ಹಾಕಿದ ಎದುರು ಮನೆಯೊಳಗೆ ಫೋನ್ ರಿಂಗಾಯಿತು. ರಾಯರು ಮಡಿಯಲ್ಲಿ ಹೋಗುವಾಗ ಅದನ್ನೂ ಬಿಟ್ಟುಹೋಗಿದ್ದರು. ತಾಯಿಯ ಫೋನು ಹಂಪಿಯ ಬಂಡೆಗಳ ನಡುವೆ ಸಿಗ್ನಲ್ ಕಳೆದುಕೊಂಡಿತ್ತು. ಸಾಲದ್ದಕ್ಕೆ ಕಂಪ್ಲಿಯ ಡ್ರೈವರ್ ಮೌನೇಶ್ ಹೇಳಿದ್ದಕ್ಕಿಂತ ಬೇಗ ಕಾರು ತಂದು ನಿಲ್ಲಿಸಿದ.

"ಜಲ್ದಿ ಹತ್ರಿ ಅಣ್ಣ. ಬೆಂಗ್ಳೂರು ರೋಡ್ನ್ಯಾಗ ಲಾರಿ ಸಾಲ್ ಹಿಡದು ನಿಂತಾವಂತ. ಈಗ ಬಿಟ್ರ ವಿಮಾನ ಸಿಗತೈತಿ."

"ಬೀಗ ಒಡದೇ ಬಿಡ್ತೀನಿ!" ಎಂದು ಹೊರಟ ವಾದಿರಾಜನ ಕೋಟಿನ ಚುಂಗನ್ನು ರಾಧಾಬಾಯಿ ಹಿಡಿದರು.

"ಹೊಸ್ತಿಲಾ ದಾಟಿದಿ ಅಂದ್ರ ಪ್ರಯಾಣ ಕೆಟ್ಟಂಗ!"

"ಪಾಸ್‌ಪೋರ್ಟ್ ಇಲ್ಲಂದ್ರ ಪ್ರಯಾಣನೇ ಇಲ್ಲ ಅಜ್ಜಿ!"

ರಾಧಾಬಾಯಿ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. "ಕಾಲು ಹಾಕಿದ್ರ ಒಳಗ ಹೋದಂಗ. ಕೈ ಹಾಕಿದ್ರ ಹೋದಂಗಲ್ಲ."

ದೇವರಮನೆಯ ಕಿಟಕಿ ಹಿತ್ತಲ ಕಡೆಗೆ ತೆರೆದಿತ್ತು. ನುಗ್ಗೆಕಾಯಿ ಕೀಳುವ ಉದ್ದನೆಯ ದೋಟಿ ಬಂತು. ಮೌನೇಶ್ ಹಿತ್ತಲಲ್ಲಿದ್ದ ನೀರಿನ ಡ್ರಮ್ಮು ಬೋರಲು ಹಾಕಿ ಹಿಡಿದುಕೊಂಡ. ಕೋಟು ತೊಟ್ಟ ವಾದಿರಾಜ ಅದರ ಮೇಲೆ ನಿಂತು ಸರಳುಗಳ ನಡುವೆ ದೋಟಿ ತೂರಿಸಿದ. ಸುತ್ತ ನೆರೆದ ಓಣಿಯ ಮಂದಿ ಸಲಹೆ ಕೊಡತೊಡಗಿದರು.

"ಎಡಕ್ಕ, ಎಡಕ್ಕ!"

"ಅಯ್ಯ, ಬಲಕ್ಕರೀ! ದೇವ್ರಿಗೆ ತಿವಿದೀರಿ ಮತ್ತ!"

ಮೊದಲು ತುಳಸಿ ಮಾಲೆ ಸಿಕ್ಕಿಕೊಂಡು ಬಂತು. ಎರಡನೆಯ ಸಲ ರಾಯರ ಪಂಚಾಂಗ ಬಂತು. ಅದನ್ನು ನೋಡಿ ವಾದಿರಾಜ ಹಲ್ಲು ಕಡಿದ. ಮೂರನೆಯ ಸಲ ಪಾಸ್‌ಪೋರ್ಟು ತೆವಳುತ್ತ ಕಿಟಕಿಯವರೆಗೂ ಬಂತು. ಅವನು ದೋಟಿ ಬಿಟ್ಟು ಕೈ ಚಾಚುವಷ್ಟರಲ್ಲಿ, ಕಾಂಪೌಂಡಿನ ಮೇಲಿಂದ ಇದನ್ನೆಲ್ಲ ಶ್ರದ್ಧೆಯಿಂದ ನೋಡುತ್ತಿದ್ದ ಕೋತಿಯೊಂದು ಜಿಗಿದು ಬಂದು ಅದನ್ನು ಕಿತ್ತುಕೊಂಡು ಬೇವಿನ ಮರ ಏರಿತು.

ರಾಧಾಬಾಯಿ ಕೈಮುಗಿದರು. "ಹನುಮಪ್ಪ ತಾನೇ ಬಂದಾನಲ್ಲೋ!"

"ಬಂದ್ರ ಬರಲಿ ಅಜ್ಜಿ, ವೀಸಾ ಯಾಕ ಕಚ್ಚಲಿಕ್ಹತ್ಯಾನ?"

ಬಾಳೆಹಣ್ಣು ತೋರಿಸಿದರು. ಕೋತಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಶೇಂಗಾ ಎಸೆದರು, ತಿಂದಿತು, ಪಾಸ್‌ಪೋರ್ಟು ಬಿಡಲಿಲ್ಲ. ಕೊನೆಗೆ ವಾದಿರಾಜ, ತಾಯಿ ಎರಡು ದಿನ ಕೂತು ಇಟಲಿಗೆಂದು ಕಟ್ಟಿದ ಬೇಸನ್ ಉಂಡೆಯ ಡಬ್ಬಿಯನ್ನೇ ಮರದ ಬುಡದಲ್ಲಿ ತೆರೆದಿಟ್ಟು ದೂರ ಸರಿದ. ಕೋತಿ ಪಾಸ್‌ಪೋರ್ಟು ಬೀಳಿಸಿ, ಡಬ್ಬಿ ಸಮೇತ ಮಾಯವಾಯಿತು. ಮೇಲಿನ ಪ್ಲಾಸ್ಟಿಕ್ ಕವರು ಹರಿದಿತ್ತು, ಒಳಗೆ ಏನೂ ಆಗಿರಲಿಲ್ಲ. ವಾದಿರಾಜ ಅದನ್ನು ಎದೆಗೆ ಒತ್ತಿಕೊಂಡು ಅತ್ತೇಬಿಟ್ಟ.

ಅದೇ ಹೊತ್ತಿಗೆ ಹಂಪಿಯಿಂದ ಬಂದ ರಾಯರು ಬೋರಲು ಬಿದ್ದ ಡ್ರಮ್ಮು, ದೋಟಿ, ಬೆವರಲ್ಲಿ ತೊಯ್ದ ಮಗ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಒಳಗ ಕಾಲಿಟ್ಟಿಲ್ಲ ಹೌದಲ್ಲೋ?"

"ಇಲ್ಲಪ್ಪ. ಕೈ ಅಷ್ಟೇ."

"ಶಾಣ್ಯಾ!" ಎಂದು ರಾಯರು ಬೆನ್ನು ತಟ್ಟಿದರು.

ಕಾರು ಹೊರಟಿತು. ಓಣಿಯವರು ಎರಡನೆಯ ಸಲ ಅತ್ತರು, ಬೆಳಗಿನಷ್ಟು ಅಳಲಿಲ್ಲ. ಊರ ಹೊರಗಿನ ಸುರಂಗ ದಾಟುವಷ್ಟರಲ್ಲಿ ಕಿರಣ್ ಕುಮಾರನ ಫೋನು ಬಂತು. ಅವನು ಸಂಡೂರಿನವನು, ಹೋದ ವರ್ಷವೇ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದವನು.

"ಲೇ ವಾದಿ, ಎಲ್ಲದಿಯಪಾ?"

"ಹೊಂಟೇಬಿಟ್ಟೀನಿ!"

"ಬರಬ್ಯಾಡ. ಮುಂಜಾನೆ ನಮ್ಮ ಯುನಿವರ್ಸಿಟಿ ಹಳೇ ಹಾಲ್‌ನ ಚಾವಣಿ ಬಿತ್ತು. ಪುಣ್ಯಾ, ಒಳಗ ಯಾರೂ ಇರಲಿಲ್ಲ. ಹಾಸ್ಟೆಲ್ಲೂ ಅದೇ ಬಿಲ್ಡಿಂಗ್ ಅಲ್ಲಾ, ಎಲ್ಲಾ ಮುಚ್ಚ್ಯಾರ. ದೀಪಾವಳಿ ತನಕ ಕ್ಲಾಸು, ಸಮಾರಂಭ ಎಲ್ಲಾ ಆನ್‌ಲೈನ್. ನಿನ್ನ ಸೀಟು ಎಲ್ಲೂ ಹೋಗಂಗಿಲ್ಲ. ಮೇಲ್ ಬಂದೈತಿ ನೋಡು."

ಮೌನೇಶನಿಗೆ ಇದು ಅರ್ಥವೇ ಆಗಲಿಲ್ಲ. "ಚಾವಣಿ ಬಿತ್ತಂತ ಮುಚ್ಚತಾರೇನಣ್ಣ? ನಮ್ಮ ಹಂಪ್ಯಾಗ ಎಷ್ಟು ಗುಡಿಗೆ ಚಾವಣಿನ ಇಲ್ಲ, ಮಂದಿ ದಿನಾ ಬರಂಗಿಲ್ಲೇನು?" ಎನ್ನುತ್ತ ಕಾರು ತಿರುಗಿಸಿದ.

ವಾದಿರಾಜನಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಸೀಟು ಉಳಿದಿತ್ತು. ದೀಪಾವಳಿಯವರೆಗೂ ತನ್ನ ಮಂಚ, ತನ್ನ ಫ್ಯಾನು, ಅಮ್ಮನ ಕೈ ಸಾರು. ದಾರಿಯಿಂದಲೇ ಮನೆಗೆ ಫೋನ್ ಮಾಡಿ ಸುದ್ದಿ ತಿಳಿಸಿದ. ಕಾರಿಳಿದವನೇ ಕೋಟು ಕಿತ್ತೊಗೆದು ಮನೆ ಬಾಗಿಲಿಗೆ ಓಡಿದ. ರಾಯರು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

"ನಿಂದ್ರು! ಪ್ರಸ್ಥಾನ ಆಗೇದ. ಇಟಲಿ ಮುಟ್ಟೋತನಕ ಈ ಹೊಸ್ತಿಲಾ ನಿನಗಿಲ್ಲ."

"ಅಪ್ಪ, ದೀಪಾವಳಿ ತನಕ?"

"ಆ ಮುಹೂರ್ತದಾಗ ಹೊಂಟಿ ಅಂತನ ಚಾವಣಿ ನಿನ್ನ ತಲಿ ಮ್ಯಾಲ ಬೀಳಲಿಲ್ಲ. ಅದನ್ನ ಕೆಡಸಬೇಕಂತೀ ಏನು?"

ವಾದಿರಾಜ ತಾಯಿಯ ಮುಖ ನೋಡಿದ. ಶುಭಾ ಕಣ್ಣು ಒರೆಸಿಕೊಂಡು, "ಅವರು ಅನ್ನೋದೂ ಖರೇನ ಅದ," ಎಂದರು. ರಸ್ತೆಯಾಚೆಯಿಂದ ರಾಧಾಬಾಯಿ ಕೂಗಿದರು: "ಬಾರೋ, ಹಾಸಿಗಿ ಹಾಸೀನಿ!"

ಶುಕ್ರವಾರ ರಾಧಾಬಾಯಿಯ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಅವನ ಪರದೇಶದ ವಿದ್ಯಾಭ್ಯಾಸ ಶುರುವಾಯಿತು. ಬಿಳಿ ಗಡ್ಡದ ಪ್ರೊಫೆಸರು ಹೊಸಬರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದರು. ಎಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಆರಾಮವಾಗಿ ಕೂತಿದ್ದರು.

"ನೀವೂ ಮನೆಯಿಂದಲೇ ಸೇರಿದ್ದೀರಾ?" ಎಂದು ವಾದಿರಾಜನನ್ನು ಕೇಳಿದರು.

"ಇಲ್ಲ ಸರ್, ನಾನು ಮನೆ ಬಿಟ್ಟು ಬಂದುಬಿಟ್ಟಿದ್ದೇನೆ."

ಪ್ರೊಫೆಸರಿಗೆ ಪಾಪ ಅನ್ನಿಸಿತು. "ಹಾಗಾದರೆ ಮನೆಯ ನೆನಪು ತುಂಬಾ ಕಾಡುತ್ತಿರಬೇಕು?"

ವಾದಿರಾಜ ಕಿಟಕಿಯಾಚೆ ನೋಡಿದ. ಎದುರಿನ ಕಟ್ಟೆಯ ಮೇಲೆ ಅಪ್ಪ ಅವನ ತಟ್ಟೆಯಲ್ಲೇ ಬಿಸಿಬಿಸಿ ಭಜಿ ತಿನ್ನುತ್ತಿದ್ದರು.

"ತುಂಬಾ ಕಾಡುತ್ತದೆ ಸರ್," ಎಂದ. "ಇಲ್ಲಿಂದ ಕಾಣಿಸುತ್ತದೆ."