ಬೀಗರೂ ಧಣಿಯೂ ಒಂದೇ ದಿನ ಬಂದದ್ದು

ನನಗೆ ಸ್ವಲ್ಪ ಜಂಬ ಜಾಸ್ತಿ ಎಂದು ಜನ ಹೇಳುತ್ತಾರೆ. ಇದ್ದರೆ ತಪ್ಪೇನು ಸ್ವಾಮಿ? ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷಿನ್ನಿನ ಮುಂದೆ ಕುಳಿತವನು ನಾನು. ಅಂದಿನಿಂದ ಇಂದಿನವರೆಗೆ ಹೊಲಿಗೆ ಬಿಟ್ಟಿತೆಂದು ದೂರಿಕೊಂಡು ಬಳ್ಳಾರಿಯಲ್ಲಿ ಒಬ್ಬರೂ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಯುದ್ಧದ ಕಾಲದಲ್ಲಿ ದಂಡಿನ ಸಿಪಾಯಿಗಳಿಗೆ ಖಾಕಿ ಹೊಲಿದೆ. ಅವರಲ್ಲಿ ಕೆಲವರು ಎಲ್ಲೆಲ್ಲಿಗೋ ಹೋಗಿ ಕಾದಾಡಿ ತಿರುಗಿ ಬಂದರು. ಮನುಷ್ಯರು ಸೊರಗಿ ಹೋಗಿದ್ದರು, ಗುಂಡಿಗಳು ಮಾತ್ರ ಹಾಕಿದ ಹಾಗೇ ಇದ್ದವು. ಇಂಥವನು ಇನ್ನೊಬ್ಬರ ಮುಂದೆ ನಿಂತು ‘ನನ್ನ ಮನೆ ಬೀಳುತ್ತಿದೆ’ ಎಂದು ಹೇಳುವುದಾದರೂ ಹೇಗೆ? ಕಷ್ಟ ಹೇಳಿಕೊಳ್ಳುವುದಕ್ಕೂ ಒಂದು ವಿದ್ಯೆ ಬೇಕು. ಆ ಪಾಠ ಐದನೆಯ ಕ್ಲಾಸಿನಲ್ಲಿ ಇತ್ತೋ ಏನೋ, ನಾನು ಅಲ್ಲಿಯತನಕ ಹೋಗಲಿಲ್ಲ.

ಮನೆ ಕೌಲ್ ಬಜಾರಿನ ಒಂದು ಸಂದಿಯಲ್ಲಿತ್ತು. ಬಾಡಿಗೆಯದು, ಮಣ್ಣಿನ ಮಾಳಿಗೆಯದು. ಇಂಥ ಮಾಳಿಗೆಗೆ ಮಳೆ ಹಿಡಿಯುವ ಮೊದಲು ಸವಳು ಮಣ್ಣು ಹೊದಿಸಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಪ್ರತಿ ವರ್ಷವೂ ನಾನೇ ಹತ್ತಿ ತುಳಿಯುತ್ತಿದ್ದೆ, ಅದರಲ್ಲೂ ನನ್ನನ್ನು ಮೀರಿಸುವವರಿಲ್ಲ. ಆದರೆ ವರ್ಷ ವರ್ಷವೂ ಮೇಲೆ ಮಣ್ಣು ಏರುತ್ತಾ ಹೋದರೆ ಕೆಳಗೆ ತೊಲೆಯನ್ನು ಗೆದ್ದಲು ತಿನ್ನುತ್ತಾ ಬಂದಿತ್ತು. ಕೊನೆಗೊಂದು ದಿನ ಊಟಕ್ಕೆ ಕುಳಿತಾಗ ನಡುಮನೆಯ ತೊಲೆ ‘ಚಟ್’ ಎಂದಿತು. ಮೇಲೆ ನೋಡಿದರೆ ಉದ್ದಕ್ಕೆ ಬಿರುಕು, ಕೆಳಗೆ ನೋಡಿದರೆ ರೊಟ್ಟಿಯ ಮೇಲೆ ಮಣ್ಣು. ಆಗ ಊರಲ್ಲೆಲ್ಲ ಒಂದೇ ಮಾತು. ಬಳ್ಳಾರಿ ಆಂಧ್ರಕ್ಕೆ ಸೇರಬೇಕೋ ಮೈಸೂರಿಗೆ ಸೇರಬೇಕೋ ಎಂದು ಚಹಾದಂಗಡಿಗಳಲ್ಲಿ ಕೈ ಕೈ ಮಿಲಾಯಿಸುತ್ತಿದ್ದರು. ನಮ್ಮ ಮಾಳಿಗೆ ಮಾತ್ರ ಯಾರ ಮಾತಿಗೂ ಕಾಯದೆ ನೆಲಕ್ಕೆ ಸೇರುವುದೆಂದು ತೀರ್ಮಾನ ಮಾಡಿಬಿಟ್ಟಿತ್ತು. ನಾನು ಸಂತೆಯಿಂದ ಒಂದು ಕಂಬ ತಂದು ತೊಲೆಗೆ ಆನಿಸಿ ನಿಲ್ಲಿಸಿದೆ.

ಮನೆಯ ಧಣಿ ಇದ್ದದ್ದು ಸಿರುಗುಪ್ಪದಲ್ಲಿ. ಹೊಳೆಯ ದಂಡೆಗೆ ಭತ್ತದ ಗದ್ದೆ, ಮೈತುಂಬ ಮಾಂಸ, ಬಾಯಿತುಂಬ ಎಲೆಯಡಿಕೆ. ಬಾಡಿಗೆ ವಸೂಲಿಗೆ ಬರುವ ಗುಮಾಸ್ತರ ಕೈಯಲ್ಲಿ ತೊಲೆಯ ಸಂಗತಿ ಹೇಳಿ ಕಳಿಸಿದೆ. ‘ಚೂದ್ದಾಂಲೇ’ ಎಂದು ತೆಲುಗಿನಲ್ಲಿ ಉತ್ತರ ಬಂತು. ಅಕ್ಕಿ ಗಾಡಿಯವರ ಕೈಯಲ್ಲಿ ಹೇಳಿಸಿದೆ. ‘ದೇಖೇಂಗೇ’ ಎಂದರಂತೆ. ಕೊನೆಗೆ ಜಂಬವನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ ನಾನೇ ಹೋದೆ. ಧಣಿ ಪೂಜೆಗೆ ಕುಳಿತಿದ್ದಾರೆ ಎಂದರು. ಆಮೇಲೆ ಮಲಗಿದ್ದಾರೆ ಎಂದರು. ಸಂಜೆ ಕಟ್ಟೆಯ ಮೇಲೆ ದರ್ಶನ ಕೊಟ್ಟು, ನನ್ನ ಮೇಲಿನ ಗೌರವಕ್ಕೋ ಏನೋ, ಅಚ್ಚ ಕನ್ನಡದಲ್ಲಿ ‘ನೋಡೋಣಂತ, ಹೋಗಿ ಬಾ’ ಎಂದರು. ಮೂರು ಭಾಷೆ ಬಲ್ಲ ಮನುಷ್ಯ. ಮೂರರಲ್ಲೂ ಅವರಿಗೆ ಒಂದೇ ಮಾತು ಬರುತ್ತಿತ್ತು.

ನಾನು, ನನ್ನ ಹೆಂಡತಿ ಇಬ್ಬರೇ ಆಗಿದ್ದರೆ ಹೇಗೋ ಕಾಲ ಹಾಕುತ್ತಿದ್ದೆವು. ಆದರೆ ಕುರುಗೋಡಿಗೆ ಕೊಟ್ಟ ಮಗಳು ಗಂಗಮ್ಮ ಬಸಿರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಕರೆಯದಿದ್ದರೆ ನಾಲ್ಕು ಜನರಲ್ಲಿ ತಲೆ ಎತ್ತುವ ಹಾಗಿಲ್ಲ. ಕರೆದರೆ ಮಗಳು ಮೊಮ್ಮಗುವನ್ನು ಮಲಗಿಸಿಕೊಳ್ಳುವುದು ಅದೇ ತೊಲೆಯ ಕೆಳಗೆ. ಅಂಗಡಿಯಲ್ಲಿ ಕುಳಿತರೂ ಕಿವಿ ಮನೆಯ ಕಡೆಗೇ ಇರುತ್ತಿತ್ತು. ಮಿಷಿನ್ನಿನಲ್ಲಿ ದಾರ ಕಡಿದರೂ ‘ಚಟ್’ ಅಂದಂತೆ ಕೇಳಿ ಎದ್ದು ನಿಲ್ಲುತ್ತಿದ್ದೆ. ಅಷ್ಟರಲ್ಲಿ ಬೀಗರಿಂದ ಮಾತು ಬಂತು: ‘ನಿಮ್ಮ ಮಾಳಿಗಿ ಬಗ್ಗಿ ಏನೇನೋ ಕೇಳೀವಿ. ಒಮ್ಮೆ ಬಂದು ನೋಡಿ ಆಮ್ಯಾಲೆ ಸೊಸಿನ ಕಳಸ್ತೀವಿ.’

ನೋಡುವುದೇ? ನೋಡಲಿ! ದರ್ಜಿಗಳಲ್ಲಿ ಒಂದು ಪದ್ಧತಿ ಇದೆ. ಎಂಥ ಬಟ್ಟೆಯಾದರೂ ಇಸ್ತ್ರಿ ಮಾಡದೆ ಗಿರಾಕಿಯ ಕೈಗೆ ಕೊಡುವುದಿಲ್ಲ. ಮನೆಗೂ ಇಸ್ತ್ರಿ ಮಾಡಲು ಕುಳಿತೆ. ಬಿರುಕಿಗೆ ಬೆಲ್ಲ ಸುಣ್ಣ ಕಲಸಿ ಮೆತ್ತಿದೆ. ತೊಲೆಗೆ ಎಣ್ಣೆ ಮಸಿ ಬಳಿದೆ. ಆನಿಸಿದ ಕಂಬಕ್ಕೆ ಕೆಮ್ಮಣ್ಣು ಹಚ್ಚಿ, ಸುಣ್ಣದ ಪಟ್ಟೆ ಎಳೆದು, ಮೇಲೊಂದು ಮಾವಿನ ತೋರಣ ಕಟ್ಟಿದೆ. ಎಷ್ಟು ಚೆಂದ ಆಯಿತೆಂದರೆ ಆ ಕಂಬ ಮನೆಯ ಜೊತೆಗೇ ಹುಟ್ಟಿದ ಹಾಗೆ ಕಾಣಿಸಿತು. ಕೈಕಟ್ಟಿ ನಿಂತು ನೋಡುತ್ತಾ ನಾನೇ ಮೆಚ್ಚಿಕೊಂಡೆ. ನನ್ನ ಹೆಂಡತಿ ಈರಮ್ಮ ಮಾತ್ರ, ‘ಮಾಡ್ರಿ ಮಾಡ್ರಿ. ಹೆಣಕ್ಕ ಜರತಾರಿ ಉಡಿಸಿದಂಗ ಐತಿ’ ಎಂದು ಒಳಗೆ ಹೋದಳು.

ಬೀಗರು ದೊಡ್ಡಬಸಪ್ಪನವರು ಬಂದರು. ರುಮಾಲು ತೆಗೆದಿಟ್ಟು, ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಕಣ್ಣಿನಲ್ಲೇ ಮನೆ ಅಳೆಯುತ್ತಿದ್ದರು. ‘ಛಲೋ ಇಟ್ಟೀರಿ ಬೀಗ್ರ. ಜನ ಸುಮ್ನ ಏನೇನೋ ಅಂತಾರ’ ಎಂದರು. ನನ್ನ ಎದೆ ಒಂದು ಗೇಣು ಉಬ್ಬಿತು. ಸರಿಯಾಗಿ ಅದೇ ಗಳಿಗೆಗೆ ಬಾಗಿಲಲ್ಲಿ ಜಟಕಾ ನಿಂತ ಸದ್ದು. ಇಳಿದವರು ಯಾರು ಅಂತೀರಿ? ಸಿರುಗುಪ್ಪದ ಧಣಿ! ವಕೀಲರ ಮನೆಗೆ ಬಂದಿದ್ದರಂತೆ, ಹಾಗೇ ಇತ್ತ ಕಡೆ ಹಾಯ್ದಿದ್ದರು.

ಧಣಿ ಒಳಗೆ ಬಂದವರು ತೊಲೆ ನೋಡಿದರು, ಕಂಬ ನೋಡಿದರು, ನನ್ನನ್ನು ನೋಡಿದರು. ‘ಏನಪಾ, ತೊಲಿ ಮುರದೈತಿ, ಮಾಳಿಗಿ ಬೀಳ್ತೈತಿ ಅಂತ ಅಷ್ಟು ಹೇಳಿ ಕಳಿಸಿದ್ದಿ. ಎಲ್ಲೈತಿ ಮುರದದ್ದು?’

ಬೀಗರ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗದೆ ನಿಂತಿತು. ಇದ್ದದ್ದನ್ನು ಹೇಳಿದರೆ ಬೀಗರ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಧಣಿ ಹೋಗುತ್ತಾರೆ, ಮತ್ತೆ ಈ ಜನ್ಮದಲ್ಲಿ ಬರುವುದಿಲ್ಲ. ನಾಲಿಗೆ ಯೋಚನೆ ಮಾಡಲು ಪುರುಸೊತ್ತೇ ಕೊಡಲಿಲ್ಲ. ‘ಮನಿಗೇನಾಗೈತಿ ಧಣಿ? ಕಲ್ಲಿದ್ದಂಗ ಐತಿ’ ಎಂದುಬಿಟ್ಟೆ.

‘ನಮ್ಮಪ್ಪ ಕಟ್ಟಿಸಿದ್ದಲೇ ಇದು, ಅಷ್ಟು ಸಲೀಸಾಗಿ ಬೀಳ್ತೈತೇನು?’ ಎಂದು ಧಣಿ ನನ್ನ ಕೆಮ್ಮಣ್ಣಿನ ಕಂಬಕ್ಕೆ ಪ್ರೀತಿಯಿಂದ ಒಂದು ಪೆಟ್ಟು ಕೊಟ್ಟರು. ಮೇಲಿನಿಂದ ಸಣ್ಣಗೆ ಮಣ್ಣು ಉದುರಿತು. ನಾನು ಕೆಮ್ಮಿದೆ. ಅವರು ಚಪ್ಪಲಿ ಮೆಟ್ಟಲು ಹೊರಟರು.

ಆಗ ಅಡುಗೆ ಮನೆಯ ಬಾಗಿಲಿಗೆ ಈರಮ್ಮ ಬಂದಳು. ತಲೆಯ ಮೇಲೆ ಸೆರಗು, ದನಿ ಮೆತ್ತಗೆ. ಧಣಿಯ ಕಡೆ ನೋಡಲೂ ಇಲ್ಲ. ‘ಬೀಗ್ರ, ಬಾಣಂತಿ ಮಂಚ ಎಲ್ಲಿ ಹಾಕಬೇಕು ನೀವ ಹೇಳ್ರಿ. ಕಂಬದ ಈಚಿ ಹಾಕಿದ್ರ ಮಣ್ಣು ಬೀಳ್ತೈತಿ, ಆಚಿ ಹಾಕಿದ್ರ ತೊಲಿನ ಬೀಳ್ತೈತಿ. ನಮ್ಮ ಮನೇರು ಬಣ್ಣ ಬಳದಾರ, ಅದಕ್ಕ ನಿಮಗ ಕಾಣವಲ್ದು. ಧಣ್ಯಾರೂ ಹೆಂಗೂ ಇಲ್ಲೇ ಅದಾರ, ಕೂಡಿ ಒಂದು ತೀರ್ಮಾನ ಮಾಡ್ರಿ.’

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೆ ಆ ಮನೆಯಲ್ಲಿ ಬಾಯಿಬಿಟ್ಟದ್ದು ಮೇಲುಗಡೆ. ದೊಡ್ಡಬಸಪ್ಪನವರು ಎದ್ದರು. ಕೈ ಚಾಚಿ ತೊಲೆಯ ಬಿರುಕಿಗೆ ಮೆತ್ತಿದ ಸುಣ್ಣವನ್ನು ಉಗುರಿನಿಂದ ಕೆರೆದರು. ಗೆದ್ದಲಿನ ಪುಡಿ ಅಂಗೈ ತುಂಬ ಬಂತು. ಅದನ್ನು ಹಾಗೇ ಹಿಡಿದುಕೊಂಡು ಧಣಿಯ ಮುಂದೆ ನಿಂತರು.

‘ಧಣ್ಯಾರ, ನಿಮ್ಮ ಮಗಳ ಬಾಣಂತನ ಇದರ ಕೆಳಗ ಮಾಡಿಸ್ತಿದ್ರ್ಯಾ?’

‘ಛೆ ಛೆ, ಎಂಥ ಮಾತಾಡ್ತೀರಿ ಗೌಡ್ರ. ಚೂದ್ದಾಂ...’

‘ಏನು ಚೂದ್ದಾಂ? ನಾ ಕುರುಗೋಡಿಗೆ ಹೋದ್ರ ನಾಕು ಮಂದಿ ಕೇಳ್ತಾರ. ಸಿರುಗುಪ್ಪದ ಧಣಿ ಅಂದ್ರ ಹೆಸರು ದೊಡ್ಡದು, ಕೈಲೆ ಒಂದು ತೊಲಿ ಆಗಂಗಿಲ್ಲ ಅಂತ ಹೇಳ್ಲ್ಯಾ? ಹೇಳ್ರಿ, ಹಂಗ ಹೇಳ್ತೀನಿ.’

ನನಗೊಬ್ಬನಿಗೇ ಜಂಬವಿದೆ ಎಂದುಕೊಂಡಿದ್ದೆ. ಧಣಿಯ ಮುಖ ನನ್ನ ಕಂಬಕ್ಕಿಂತ ಕೆಂಪಗಾಯಿತು. ‘ಯಾರಿಗೆ ಆಗಂಗಿಲ್ಲ? ಸಾಗವಾನಿ ಹಾಕಸ್ತೀನಿ! ಮಣ್ಣೆಲ್ಲಾ ಇಳಿಸಿ ಹೊಸಾ ಜಂತಿ ಹಾಕಸ್ತೀನಿ! ಬಂದು ನೋಡ್ರಿ ಬೇಕಾದ್ರ!’

‘ತೊಲಿ ಕುಂತ ದಿನ ಸೊಸಿ ಬರ್ತಾಳ’ ಎಂದು ಬೀಗರು ಮತ್ತೆ ಮಂಡಕ್ಕಿಗೆ ಕುಳಿತರು. ನನ್ನ ಕಡೆ ತಿರುಗಿ, ‘ಬೀಗ್ರ, ಬಣ್ಣ ಮಾತ್ರ ಭಾರಿ ಬಳದೀರಿ ಬಿಡ್ರಿ’ ಎಂದರು. ಅದು ಹೊಗಳಿಕೆಯೋ ಕುಟುಕೋ ಇಂದಿಗೂ ಗೊತ್ತಾಗಿಲ್ಲ. ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ತೊಲೆ ಬಂತು. ಬಡಗಿಗಳು ಬಂದರು. ಮಗಳೂ ಬಂದಳು. ಹೊಸ ತೊಲೆಯ ಕೆಳಗೆ ಹೆಣ್ಣು ಕೂಸು ಹುಟ್ಟಿ, ಸಂದಿಗೆಲ್ಲ ಕೇಳುವ ಹಾಗೆ ಅತ್ತಿತು. ಆ ದನಿಗೂ ಒಂದು ಚೂರು ಮಣ್ಣು ಉದುರಲಿಲ್ಲ. ಧಣಿಯ ಹತ್ತಿರ ಸಾಗವಾನಿ ಹಾಕಿಸಿಕೊಂಡ ಬಾಡಿಗೆಯವರು ಇಡೀ ಕೌಲ್ ಬಜಾರಿನಲ್ಲಿ ನಾವೊಬ್ಬರೇ. ಕೇಳಿದವರಿಗೆಲ್ಲ, ಇಂಥ ಕೆಲಸವನ್ನು ಎದುರಿಗೆ ನಿಂತು ಮಾತಾಡಿ ಮಾಡಿಸಿಕೊಳ್ಳಬೇಕು ಎಂದು ಬುದ್ಧಿ ಹೇಳಿದೆ. ಯಾರು ಮಾತಾಡಿದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊನ್ನೆ ಧಣಿ ತಮ್ಮ ತೊಲೆ ನೋಡಲು ತಾವಾಗಿಯೇ ಬಂದರು. ಸುತ್ತಮುತ್ತಲಿನವರೂ ಕೂಡಿದರು. ಎಲ್ಲರಿಗೂ ಕೇಳುವಂತೆ, ‘ಇನ್ನೇನರ ಕೆಲಸ ಐತೇನಪಾ? ಇದ್ರ ಈಗ ಹೇಳು’ ಎಂದರು. ಹಿತ್ತಲ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತು ಎಷ್ಟೋ ದಿನವಾಗಿತ್ತು. ನಾನು ಎದೆ ಸೆಟೆಸಿ ನಿಂತು, ‘ಏನೂ ಇಲ್ಲ ಧಣಿ, ಅರಮನಿ ಆಗೈತಿ’ ಎಂದೆ.

ಜಟಕಾ ತಿರುವು ದಾಟಿತು. ಈರಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದಳು: ‘ಏನ್ರಿ, ಕುರುಗೋಡಿಗೆ ಹೇಳಿ ಕಳಸ್ರಿ. ಬೀಗ್ರು ಇನ್ನೊಮ್ಮೆ ಬಂದು ಹೋಗ್ಲಿ.’